ಮಾಲೆ ಹಾಕಿ ಮೂರನೇ ದಿನ

ನಾನು ಎಂಬಿಬಿಎಸ್ ಓದುವಾಗ ಮನೋವೈದ್ಯಶಾಸ್ತ್ರಕ್ಕೆ ಸಿಕ್ಕಿದ್ದು ಎರಡು ವಾರದ ಪೋಸ್ಟಿಂಗ್. ಕುಡಿತದಿಂದ ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದೆವು. ಹೊಟ್ಟೆ ತಟ್ಟಿ ನೋಡಿ ನೀರು ತುಂಬಿದೆಯಾ ಅಂತ ಹೇಳುತ್ತಿದ್ದೆವು. ಅದೇ ಮನುಷ್ಯ ಹತ್ತು ವರ್ಷ ಮೊದಲು ಗ್ಯಾಸ್ಟ್ರಿಕ್ ಅಂತಲೋ ನಿದ್ದೆ ಬರಲ್ಲ ಅಂತಲೋ ಬಂದಿರುತ್ತಾನೆ. ಆಗ ಅವನನ್ನು ಎದುರಿಗೆ ಕೂರಿಸಿಕೊಂಡು ಕುಡಿತದ ಬಗ್ಗೆ ಹೇಗೆ ಕೇಳಬೇಕು ಅನ್ನೋದನ್ನು ಮಾತ್ರ ಯಾರೂ ಕಲಿಸಲಿಲ್ಲ. ಕೇಸ್ ಶೀಟಿನಲ್ಲಿ ಅದಕ್ಕೆ ಒಂದು ಸಾಲು. "ಕುಡೀತೀರಾ?" "ಯಾವಾಗ್ಲಾದ್ರೂ ಒಂದ್ಸಲ." ಅಷ್ಟು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು.

ಅದರ ಬೆಲೆ ಏನು ಅಂತ ಗೊತ್ತಾಗಿದ್ದು ಇಂಟರ್ನ್‌ಶಿಪ್‌ನಲ್ಲಿ. ಕಾಲು ಮುರಿದುಕೊಂಡು ಒಬ್ಬರು ಅಡ್ಮಿಟ್ ಆಗಿದ್ದರು. ಮೊದಲ ದಿನ ಚೆನ್ನಾಗಿ ಮಾತಾಡಿದರು. ಎರಡನೇ ದಿನ ಕೈ ನಡುಕ, ಬೆವರು. ಮೂರನೇ ರಾತ್ರಿ ಕಿರುಚಾಟ, ಗೋಡೆ ಮೇಲೆ ಹುಳ ಹರೀತಿದೆ ಅಂತ. ವಾರ್ಡಿನವರೆಲ್ಲ "ಮೆಂಟಲ್ ಕೇಸ್" ಅಂದರು. ಕೈಕಾಲು ಕಟ್ಟಿದೆವು. ಬ್ಯಾಂಡೇಜ್ ಬಟ್ಟೆ ತಂದು ಎಡಗೈ ಕಟ್ಟಿದ್ದು ನಾನೇ. ಗ್ಲೂಕೋಸ್ ಓಡುತ್ತಿತ್ತು. ಬೆಳಗಾಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ದಿನಾ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಹೀಗಾಗಬಹುದು, ಅದಕ್ಕೆ ಚಿಕಿತ್ಸೆ ಇದೆ, ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಬದುಕುತ್ತಾರೆ. ಇದೆಲ್ಲ ಪುಸ್ತಕದಲ್ಲಿ ಇತ್ತು. ಡೆಲಿರಿಯಂ ಟ್ರೆಮೆನ್ಸ್ ಅಂತ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಹಾಸಿಗೆ ಮೇಲೆ ಕಣ್ಣೆದುರಿಗೆ ಇದ್ದಾಗ ಗುರುತು ಸಿಗಲಿಲ್ಲ.

ಎಷ್ಟೋ ವರ್ಷದ ಮೇಲೆ, ಹಿರಿಯೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿಎಚ್‌ಸಿಗೆ, ಮೆಡಿಕಲ್ ಆಫೀಸರ್ ಆಗಿ ಬಂದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ನಮಗೆ ಮೂರು ದಿನದ ತರಬೇತಿ ಅಂತ ಆರ್ಡರ್ ಬಂತು. ಹೊರಡುವಾಗ ನನಗೆ ಅಷ್ಟೇನೂ ಉತ್ಸಾಹ ಇರಲಿಲ್ಲ, ನಿಜ ಹೇಳಬೇಕಲ್ವಾ. ಓಪಿಡಿಯಲ್ಲಿ ಜನ ಕಾಯ್ತಿರ್ತಾರೆ, ಲಸಿಕೆ ರಿಪೋರ್ಟ್ ಬಾಕಿ ಇತ್ತು.

ಮೊದಲ ಸ್ಲೈಡಿನಲ್ಲೇ ಒಂದು ಅಂಕಿ ಇತ್ತು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಚಟಕ್ಕೆ ಸಿಕ್ಕ 38 ಜನರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಪಾಠ ಮಾಡುತ್ತಿದ್ದ ಮೇಡಂ ಕೇಳಿದರು: "ಉಳಿದ 37 ಜನ ಎಲ್ಲಿದ್ದಾರೆ?" ಯಾರೂ ಮಾತಾಡಲಿಲ್ಲ. "ನಿಮ್ಮ ಓಪಿಡಿಯಲ್ಲೇ ಇದ್ದಾರೆ. ಬಿಪಿ ಅಂತ, ಹೊಟ್ಟೆ ಉರಿ ಅಂತ, ಬೈಕಿಂದ ಬಿದ್ದೆ ಅಂತ ಬರ್ತಿದ್ದಾರೆ."

ಆಮೇಲೆ ಅವರು ಚೀಲದಿಂದ ಖಾಲಿ ಪ್ಯಾಕೆಟ್, ಬಾಟಲಿ, ಒಂದು ಅಳತೆ ಜಾರು ತೆಗೆದು ಮೇಜಿನ ಮೇಲಿಟ್ಟರು. ಬಣ್ಣದ ನೀರು ಸುರಿದು ತೋರಿಸಿದರು. ಹತ್ತು ಗ್ರಾಂ ಶುದ್ಧ ಆಲ್ಕೋಹಾಲ್ ಅಂದರೆ ಒಂದು ಯೂನಿಟ್. ವಿಸ್ಕಿ, ಬ್ರಾಂದಿಯಾದರೆ 30 ಎಂಎಲ್. ಹಾಗಾಗಿ ನಮ್ಮೂರಲ್ಲಿ ಎಲ್ಲರ ಬಾಯಲ್ಲಿರುವ ನೈಂಟಿ ಅಂದರೆ ಮೂರು ಯೂನಿಟ್. ಕ್ವಾರ್ಟರ್ ಅಂದರೆ ಆರು. ಸ್ಟ್ರಾಂಗ್ ಬಿಯರ್ ದೊಡ್ಡ ಬಾಟಲಿಗೆ ಸುಮಾರು ನಾಲ್ಕು. "ಬಿಯರ್ ಏನು ಕುಡಿತ ಅಲ್ಲ ಮೇಡಂ" ಅನ್ನೋರು ದಿನಾ ಬರ್ತಾರೆ. ನಾನೂ ತಲೆ ಆಡಿಸಿ ಕಳಿಸಿದ್ದೆ! ಜಾರಿನಲ್ಲಿ ನೀರು ಏರುತ್ತಾ ಹೋದಾಗ ಅವರೆಲ್ಲರ ಮುಖ ಒಬ್ಬೊಬ್ಬರದೇ ನೆನಪಾಯಿತು.

ಕುಡಿತ ಎಷ್ಟು ಅಪಾಯದ್ದು ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಫಾರಂ ಕೂಡ ಅಲ್ಲೇ ಕಲಿತೆವು. ಒಟ್ಟು 40 ಅಂಕ. ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಕುಡಿತ, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಟವೇ ಅಂಟಿಕೊಂಡಿರಬಹುದು. ಐದು ನಿಮಿಷದ ಕೆಲಸ, ನಮ್ಮ ಸ್ಟಾಫ್ ನರ್ಸ್ ಕೂಡ ಮಾಡಬಹುದು.

ಆದರೆ ನನ್ನನ್ನು ಬದಲಾಯಿಸಿದ್ದು ಫಾರಂ ಅಲ್ಲ, ಎರಡನೇ ದಿನದ ರೋಲ್ ಪ್ಲೇ. ಪಕ್ಕದ ತಾಲ್ಲೂಕಿನ ಡಾಕ್ಟರ್ ಒಬ್ಬರು ಪೇಷಂಟ್, ನಾನು ಡಾಕ್ಟರ್. ಐದು ನಿಮಿಷ ಮಾತಾಡಿದೆ. ಲಿವರ್ ಹಾಳಾಗುತ್ತೆ ಅಂದೆ, ಹೆಂಡತಿ ಮಕ್ಕಳನ್ನು ನೋಡಿ ಅಂದೆ, ಮನಸ್ಸು ಗಟ್ಟಿ ಮಾಡಿ ಅಂದೆ. ಮುಗಿದ ಮೇಲೆ ಮೇಡಂ ತಮ್ಮ ಹಾಳೆ ತೋರಿಸಿದರು. ಒಂದು ಕಡೆ ನಾನು ಕೇಳಿದ್ದು, ಇನ್ನೊಂದು ಕಡೆ ನಾನು ಹೇಳಿದ್ದು, ಗೀಟು ಹಾಕಿ ಎಣಿಸಿದ್ದರು. ಕೇಳಿದ ಕಡೆ ಎರಡೇ ಗೀಟು.

"ಅವರಿಗೆ ಕುಡಿತದಿಂದ ಏನು ಸಿಗುತ್ತೆ ಅಂತ ಕೇಳಿದ್ರಾ?" ಅಂದರು.

ಅದೊಂದು ಕೇಳುವ ಪ್ರಶ್ನೆ ಅಂತಲೇ ನನಗೆ ಹೊಳೆದಿರಲಿಲ್ಲ. ಬೈದು ಬಿಡಿಸೋದಲ್ಲ, ಬಿಡಬೇಕು ಅನ್ನೋ ಮಾತು ಅವರ ಬಾಯಿಂದಲೇ ಬರೋ ಹಾಗೆ ಮಾಡೋದು. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದರಂತೆ. ಊರಿಗೆ ಬಂದ ವಾರವೇ ಒಬ್ಬ ಹಮಾಲಿಯನ್ನು ಹಾಗೆ ಕೇಳಿದೆ. "ಮೂಟೆ ಹೊತ್ತ ಬೆನ್ನು ರಾತ್ರಿ ಮಲಗೋಕೆ ಬಿಡಲ್ಲ ಅಮ್ಮಾ. ಹಾಕ್ಕೊಂಡ್ರೆ ನೋವು ಗೊತ್ತಾಗಲ್ಲ" ಅಂದರು. ಅವರು ಎರಡು ವರ್ಷದಿಂದ ನನ್ನ ಪೇಷಂಟ್. ಬೆನ್ನು ನೋವಿನ ವಿಷಯ ಅವತ್ತೇ ಮೊದಲು ಹೇಳಿದ್ದು.

ಇನ್ನು ಆ ನವೆಂಬರ್ ಬೆಳಿಗ್ಗೆಯ ವಿಷಯ. ಆಟೋದಿಂದ ನಾಲ್ಕು ಜನ ಒಬ್ಬರನ್ನು ಇಳಿಸಿಕೊಂಡು ಬಂದರು. ಕಪ್ಪು ಪಂಚೆ, ಕೊರಳಲ್ಲಿ ತುಳಸಿ ಮಣಿಯ ಮಾಲೆ, ಹಣೆ ತುಂಬಾ ವಿಭೂತಿ. ಅದು ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಜೊತೆಯಲ್ಲಿ ಗುರುಸ್ವಾಮಿಯೂ ಇದ್ದರು. ಮಾಲೆ ಹಾಕಿ ಮೂರನೇ ದಿನ, ರಾತ್ರಿಯಿಂದ ಏನೇನೋ ಮಾತಾಡ್ತಿದ್ದಾರೆ, ಮಡಿಯಲ್ಲಿ ಏನೋ ತಪ್ಪಾಗಿರಬೇಕು ಅಂತ ಮನೆಯವರು ಹೆದರಿದ್ದರು. ಮಂಚದ ಮೇಲೆ ಕೂರಿಸಿದರೆ ಆ ಸ್ವಾಮಿ ಬೆಡ್‌ಶೀಟಿನಿಂದ ಒಂದೊಂದೇ ಏನನ್ನೋ ಹೆಕ್ಕಿ ನೆಲಕ್ಕೆ ಬಿಸಾಡುತ್ತಿದ್ದರು. "ಇರುವೆ, ಇರುವೆ" ಅನ್ನುತ್ತಿದ್ದರು. ಹಾಸಿಗೆ ಮೇಲೆ ಒಂದು ಇರುವೆಯೂ ಇರಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ಆ ಬೆರಳುಗಳನ್ನು ನಾನು ಮೊದಲೇ ನೋಡಿದ್ದೆ.

ಹೆಂಡತಿಯನ್ನು ಪಕ್ಕಕ್ಕೆ ಕರೆದೆ. ಮಾಲೆ ಹಾಕಿದವರ ಎದುರು ಕುಡಿತದ ಮಾತೆತ್ತೋದು ಎಷ್ಟು ಕಷ್ಟ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. "ಮಾಲೆಗೆ ಮುಂಚೆ ಸ್ವಾಮಿ ತಗೋತಿದ್ರಾ?" ಅಂದೆ. "ಯಾವಾಗ್ಲಾದ್ರೂ ಅಮ್ಮಾ" ಅಂತ ತಲೆ ತಗ್ಗಿಸಿದರು. ಅಲ್ಲಿಗೇ ಬಿಡಬೇಡಿ, ಜಾಸ್ತಿಯಿಂದ ಶುರು ಮಾಡಿ ಕೇಳಿ, ಆಗ ಹೇಳೋಕೆ ನಾಚಿಕೆ ಕಮ್ಮಿಯಾಗುತ್ತೆ ಅಂತ ತರಬೇತಿಯಲ್ಲಿ ಹೇಳಿದ್ದರು. "ಬೆಳಿಗ್ಗೆ ಎದ್ದ ಕೂಡಲೇ ಮೂರು ನೈಂಟಿನಾ, ನಾಲ್ಕಾ?" ಅಂದೆ.

"ಇಲ್ಲಮ್ಮಾ, ಬೆಳಿಗ್ಗೆ ಎರಡೇ. ಸಂಜೆದು ಲೆಕ್ಕ ಇಲ್ಲ."

ಅಷ್ಟು ಸಾಕಾಗಿತ್ತು. ನಾಡಿ 124, ಬಿಪಿ 160/100. ಅಷ್ಟರಲ್ಲಿ ಸಿಸ್ಟರ್ ಗ್ಲೂಕೋಸ್ ಬಾಟಲಿ ಸ್ಟ್ಯಾಂಡಿಗೆ ಹಾಕುತ್ತಿದ್ದರು. ಮನೆಯವರೂ "ಸುಸ್ತಾಗಿದ್ದಾರೆ, ಮೊದ್ಲು ಗ್ಲೂಕೋಸ್ ಹಾಕಿ" ಅನ್ನುತ್ತಿದ್ದರು. "ಸಿಸ್ಟರ್, ನಿಲ್ಲಿಸಿ. ಮೊದಲು ಶುಗರ್ ನೋಡಿ, ಥಯಮಿನ್ ಕೊಡಿ" ಅಂದೆ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತೆ. ಅದನ್ನು ಕೊಡದೆ ಗ್ಲೂಕೋಸ್ ಓಡಿಸಿದರೆ ಉಳಿದಿರುವ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಶುಗರ್ 96 ಇತ್ತು, ಗ್ಲೂಕೋಸಿಗೆ ಅವಸರ ಇರಲಿಲ್ಲ. ಥಯಮಿನ್ ಹೋಯಿತು. ಆಮೇಲೆ ನಡುಕ, ಗಾಬರಿ ಇಳಿಸುವ ಡಯಾಜೆಪಾಮ್, ಉಸಿರು ನೋಡಿಕೊಂಡು, ನಿಧಾನವಾಗಿ. ಕೈ ಕಟ್ಟಲಿಲ್ಲ. ಗುರುಸ್ವಾಮಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡು ಮೆಲ್ಲಗೆ ಶರಣು ಹೇಳುತ್ತಿದ್ದರು. ಲೈಟ್ ಆರಿಸಬೇಡಿ, ಮಾತಾಡ್ತಾ ಇರಿ, ಎಲ್ಲಿದ್ದೀರಿ ಅಂತ ಆಗಾಗ ಹೇಳ್ತಾ ಇರಿ ಅಂದಿದ್ದೆ ಅವರಿಗೆ. ಅಷ್ಟನ್ನು ನಿಷ್ಠೆಯಿಂದ ಮಾಡಿದರು.

108 ಬಂತು. ಚಿತ್ರದುರ್ಗಕ್ಕೆ ಕಳಿಸುವಾಗ ರೆಫರಲ್ ಚೀಟಿಯಲ್ಲಿ ಮೊದಲ ಸಾಲಿಗೇ ಬರೆದೆ: ಮೂರು ದಿನದ ಹಿಂದೆ ಕುಡಿತ ನಿಲ್ಲಿಸಿದ್ದಾರೆ, ಡೆಲಿರಿಯಂ ಟ್ರೆಮೆನ್ಸ್, ಥಯಮಿನ್ ಕೊಡಲಾಗಿದೆ.

ಆ ವಾರದ ವಿಡಿಯೋ ಮೀಟಿಂಗಿನಲ್ಲಿ ಈ ಕೇಸನ್ನೇ ಇಟ್ಟೆ. ತರಬೇತಿ ಮೂರು ದಿನಕ್ಕೆ ಮುಗಿದಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಆನ್‌ಲೈನಿನಲ್ಲಿ ಸೇರಿ ನಮ್ಮ ನಮ್ಮ ಕೇಸ್ ಹೇಳಿ ತಜ್ಞರ ಜೊತೆ ಚರ್ಚೆ ಮಾಡುತ್ತೇವೆ. ಈ ಎಕೋ ಪದ್ಧತಿಯನ್ನು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಶುರು ಮಾಡಿದವರು ಸಂಜೀವ್ ಅರೋರಾ ಎಂಬ ಲಿವರ್ ವೈದ್ಯರು, ದೂರದ ಹಳ್ಳಿಗಳ ಹೆಪಟೈಟಿಸ್ ಸಿ ರೋಗಿಗಳಿಗಾಗಿ. ನಮ್ಮಲ್ಲಿ ನಿಮ್ಹಾನ್ಸ್ ಅದನ್ನು ಮಾನಸಿಕ ಆರೋಗ್ಯಕ್ಕೂ ವ್ಯಸನ ಚಿಕಿತ್ಸೆಗೂ ಬಳಸಿಕೊಂಡಿದೆ. ಮಾಲೆಯ ವಿಷಯ ಹೇಳಿದ ಕೂಡಲೇ ಇನ್ನೂ ಇಬ್ಬರು ಡಾಕ್ಟರು ತಮ್ಮಲ್ಲೂ ಹೀಗೆ ಆಗಿದೆ ಅಂದರು. ಈಗ ಕಾರ್ತಿಕ ಬರೋ ಮೊದಲೇ ನಮ್ಮ ಆಶಾ ಕಾರ್ಯಕರ್ತೆಯರು ಗುರುಸ್ವಾಮಿಗಳ ಹತ್ತಿರ ಹೋಗ್ತಾರೆ. ದಿನಾ ಬೆಳಿಗ್ಗೆಯೇ ಕುಡಿಯೋರು ಇದ್ದರೆ ಮಾಲೆ ಹಾಕೋ ಮುಂಚೆ ನಮ್ಮ ಹತ್ತಿರ ಕಳಿಸಿ, ಮಾತ್ರೆ ಕೊಟ್ಟು ನಿಲ್ಲಿಸೋಣ ಅಂತ ಹೇಳ್ತಾರೆ. ಹಿಂದೆ ಯಾರಿಗೂ ಇದು ಹೊಳೆದಿರಲಿಲ್ಲ.

ಸ್ವಾಮಿ ಏಳನೇ ದಿನ ಡಿಸ್ಚಾರ್ಜ್ ಆಗಿ ನೇರ ಪಿಎಚ್‌ಸಿಗೆ ಬಂದರು. ಮಾಲೆ ಕೊರಳಲ್ಲೇ ಇತ್ತು. ಹೆಂಡತಿ ಮೆಲ್ಲಗೆ ಒಳಗೆ ಬಂದು, "ಇವರಿಗೆ ಗೊತ್ತಾಗದ ಹಾಗೆ ಅನ್ನದಲ್ಲಿ ಕಲಸಿ ಕೊಡೋ ಪುಡಿ ಇದೆಯಂತಲ್ಲಮ್ಮಾ" ಅಂದರು. ತಿಂಗಳಿಗೆ ಒಬ್ಬರಾದರೂ ಇದನ್ನು ಕೇಳ್ತಾರೆ, ಪ್ರತಿ ಸಲವೂ ನನಗೆ ಭಯವಾಗುತ್ತೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ಹೊಟ್ಟೆಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವವೇ ಹೋಗಬಹುದು. ಅವರೇ ಒಪ್ಪಿ, ತಿಳಿದು ತಗೊಂಡರೆ ಮಾತ್ರ ಅದು ಔಷಧಿ. ಅವರನ್ನೂ ಒಳಗೆ ಕರೆದು ಇಬ್ಬರಿಗೂ ಒಟ್ಟಿಗೇ ಹೇಳಿದೆ. ಆಸೆ ಕಮ್ಮಿ ಮಾಡೋ ಬೇರೆ ಮಾತ್ರೆಗಳೂ ಇವೆ, ಲಿವರ್ ಟೆಸ್ಟ್ ನೋಡಿ ಶುರು ಮಾಡೋಣ ಅಂದೆ.

ಸ್ವಾಮಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಬೆಟ್ಟಕ್ಕೆ ಹೋಗಿಬರೋ ತನಕ ನಂಗೆ ಭಯ ಇಲ್ಲ ಅಮ್ಮಾ. ಮಾಲೆ ತೆಗೆದ ಮೇಲೆ?" ಅಂದರು.

ಮುಂದಿನ ಭೇಟಿ ದಿನಾಂಕ ಬರೆಯೋಕೆ ಕಾರ್ಡ್ ತಗೊಂಡೆ. ಮಂಗಳವಾರ ಆಗುತ್ತಾ ಅಂತ ಕೇಳಿದೆ. ಅವರು ಬೆರಳು ಮಡಿಚಿ ಎಣಿಸಿ ತಲೆ ಅಲ್ಲಾಡಿಸಿದರು.

"ಶನಿವಾರ ಬರೀರಿ. ಕೂಲಿ ಬಟವಾಡೆ ಆಗೋದು ಅವತ್ತೇ. ದುಡ್ಡು ಕೈಗೆ ಬಂದ ಕೂಡಲೇ ಇಲ್ಲಿಗೆ ಬರ್ತೀನಿ."

ಶನಿವಾರ ಅಂತ ಬರೆದು, ಸಂಜೆ ಐದು ಗಂಟೆ ಅಂತ ಸೇರಿಸಿದೆ. ನಮ್ಮ ಓಪಿಡಿ ಅಷ್ಟು ಹೊತ್ತಿಗೆ ಮುಚ್ಚಿರುತ್ತೆ. ಇರ್ತೀನಿ ಅಂದೆ.