ಗುನುಗುವುದು ಆರ್ಗನ್ನನ್ನೇ

ಬೆಳಿಗ್ಗೆ ದೋಸೆ ಹುಯ್ಯುತ್ತಾ ಏನೋ ಗುನುಗುತ್ತಿದ್ದೆ.

ಮಗಳು ಕೇಳಿದಳು, "ಅದರ ಸಾಹಿತ್ಯ ಏನಮ್ಮಾ?"

ಸಾಹಿತ್ಯ! ಇಷ್ಟು ವರ್ಷ ಕೇಳಿದ್ದೇನೆ, ಎರಡು ಸಾಲು ನೆಟ್ಟಗೆ ಬರುವುದಿಲ್ಲ. ನಾನು ಗುನುಗುತ್ತಿದ್ದದ್ದು ಮಾತಿಗಿಂತ ಮೊದಲು ಬರುವ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯವನ್ನು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಜರ್ಮನಿಯ ಶಾಸ್ತ್ರೀಯ ಸಂಗೀತಕಾರ ಬಾಖ್‌ ಛಾಯೆಯ ನಾದವನ್ನು.

ಬ್ರಿಟನ್ನಿನ ರಾಕ್ ತಂಡ ಪ್ರೋಕಲ್ ಹ್ಯಾರಮ್‌ನ ಹಾಡು 'ಎ ವೈಟರ್ ಶೇಡ್ ಆಫ್ ಪೇಲ್'. 1967ರ ಬೇಸಿಗೆ. ತಂಡದ ಮೊಟ್ಟಮೊದಲ ಸಿಂಗಲ್, ಅಂದರೆ ಬಿಡಿ ಹಾಡಿನ ಡಿಸ್ಕು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲನೆಯ ಸ್ಥಾನ, ಅಮೆರಿಕದಲ್ಲಿ ಐದನೆಯದು. ಚೊಚ್ಚಲಿಗೇ ಅಷ್ಟು ಎತ್ತರ ಏರಿದರೆ ಮುಂದೆ ಹೋಗುವುದೆಲ್ಲಿಗೆ, ಪಾಪ.

ಡಿಸ್ಕಿನ ಮೇಲೆ ಕೃತಿಕಾರರಾಗಿ ಇದ್ದದ್ದು ಎರಡೇ ಹೆಸರು: ಹಾಡಿದ ಗ್ಯಾರಿ ಬ್ರೂಕರ್, ಪದ ಬರೆದ ಕೀತ್ ರೀಡ್. ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್ ಹೆಸರಿಲ್ಲ.

ಸಂಗೀತದಲ್ಲಿ ತನಗೂ ಪಾಲಿದೆ ಎಂದು ಆತ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು 2005ರಲ್ಲಿ. ಮೂವತ್ತೆಂಟು ವರ್ಷ ಎಲ್ಲಿದ್ದೆಯಪ್ಪಾ ಎಂದು ಯಾರಾದರೂ ಕೇಳುತ್ತಾರೆ, ಕೇಳಿದರು ಕೂಡ. ಒಮ್ಮೆ ಗೆದ್ದ, ಮೇಲ್ಮನವಿಯಲ್ಲಿ ಹಣದ ಪಾಲು ಕಳೆದುಕೊಂಡ. 2009ರಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಸಂಗೀತದ ಹಕ್ಕಿನಲ್ಲಿ ಶೇ. 40 ಪಾಲು ಅವನದೇ ಎಂದರು. ಹಳೆಯ ಗಳಿಕೆ ಮಾತ್ರ ಸಿಗಲಿಲ್ಲ, 2005ರಿಂದೀಚೆಗಿನದಷ್ಟೇ.

ನನ್ನನ್ನು ಕೇಳಿದ್ದರೆ ಅರ್ಧಕ್ಕಿಂತ ಹೆಚ್ಚೇ ಕೊಡುತ್ತಿದ್ದೆ. ಕಾನೂನು ಗೊತ್ತಿಲ್ಲ, ಗುನುಗುವುದು ಗೊತ್ತು.

ಇಷ್ಟನ್ನೂ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಕರಿಯಾಗಿತ್ತು. ಅವಳು ಅದನ್ನು ನನ್ನ ತಟ್ಟೆಗೆ ಹಾಕಿ, ಆರ್ಗನ್ನಿನ ಆ ಸಾಲನ್ನು ಗುನುಗುತ್ತಾ ಶಾಲೆಗೆ ಹೋದಳು. ಶ್ರುತಿ ಸ್ವಲ್ಪ ಆಚೀಚೆ.