ಔಟ್‌ಬೋರ್ಡ್ ಇಂಜಿನ್ನಿನ ಗೇರು ಸರಿಯಾಗಿ ಬೀಳದಿದ್ದಾಗ

ಗಂಗೊಳ್ಳಿ, ಮಲ್ಪೆ ಕಡೆಯ ನಾಡದೋಣಿಗಳಲ್ಲಿ ಔಟ್‌ಬೋರ್ಡ್ ಇಂಜಿನ್ನಿನ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್ನಿನ) ಗೇರು ಕೈಕೊಟ್ಟಿತೆಂದರೆ ಹೆಚ್ಚಿನವರ ಅನುಮಾನ ಮೊದಲು ಹೋಗುವುದು ನೀರಿನೊಳಗಿರುವ ಗೇರ್‌ಬಾಕ್ಸಿನ ಮೇಲೆ. ನಾನು ಕಂಡಂತೆ ದೋಷವು ಅನೇಕ ಸಲ ಅದಕ್ಕಿಂತ ಮೇಲೆ, ಕೈಗೆಟುಕುವ ಜಾಗದಲ್ಲಿಯೇ ಇರುತ್ತದೆ. ಆದುದರಿಂದ ತಪಾಸಣೆ ಮೇಲಿನಿಂದ ಕೆಳಕ್ಕೆ ಸಾಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಯಾಂತ್ರೀಕೃತ ದೋಣಿಗಳು ಬಂದರಿನಲ್ಲಿ ಲಂಗರು ಹಾಕಿರುವಾಗ ನಾಡದೋಣಿಗಳು ಮಳೆಗಾಲದ ತೆರೆಗಳ ನಡುವೆ ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಬೇಕಾಗುತ್ತದೆ, ಅಲ್ಲಿ ಮುಂದಿನ (ದೋಣಿಯನ್ನು ಮುಂದಕ್ಕೊಯ್ಯುವ) ಗೇರು ಕ್ಷಣಕಾಲ ಜಾರಿದರೂ ದೋಣಿ ತೆರೆಗೆ ಅಡ್ಡವಾಗಿ ಮಗುಚುವ ಅಪಾಯವಿದೆ.

ಒಳಗಿನ ವ್ಯವಸ್ಥೆ ಹೆಚ್ಚು ಜಟಿಲವಾದುದೇನಲ್ಲ. ಇಂಜಿನ್ನಿನಿಂದ ಇಳಿದುಬರುವ ಶಾಫ್ಟಿನ ತುದಿಯಲ್ಲಿರುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ, ಮುಂದಿನ ಮತ್ತು ಹಿಂದಿನ ಗೇರುಗಳೆರಡನ್ನೂ ಸದಾ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತಿರುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಜಾರುವ ಡಾಗ್ ಕ್ಲಚ್ ಎಂಬ ಹಲ್ಲುಳ್ಳ ತುಂಡು ಇವೆರಡರಲ್ಲಿ ಯಾವುದನ್ನು ಹಿಡಿಯುತ್ತದೆಯೋ ಆ ದಿಕ್ಕಿಗೆ ಪ್ರೊಪೆಲ್ಲರ್ ತಿರುಗುತ್ತದೆ, ನಡುವೆ ನಿಂತರೆ ನ್ಯೂಟ್ರಲ್. ನಮ್ಮ ಕೈಯ ಲಿವರ್ ಮಾಡುವುದೆಲ್ಲ ಶಿಫ್ಟ್ ರಾಡಿನ ಮೂಲಕ ಆ ಕ್ಲಚ್ಚನ್ನು ಸ್ವಲ್ಪ ಸರಿಸುವ ಕೆಲಸ ಮಾತ್ರ.

ಇಂಜಿನ್ ನಿಂತಿರುವಾಗ ಗೇರು ಬೀಳದಿದ್ದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ, ಏಕೆಂದರೆ ಕ್ಲಚ್ಚಿನ ಹಲ್ಲುಗಳು ಗೇರಿನ ಹಲ್ಲುಗಳಿಗೆ ನೇರ ಎದುರಾಗಿ ನಿಂತಿರಬಹುದು. ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಕಳಚಿ, ಒಬ್ಬರು ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತಿರುವಾಗ ಇನ್ನೊಬ್ಬರು ಲಿವರ್ ಎಳೆದು ನೋಡಬೇಕು. ವೈರು ಕಳಚದೆ ಪ್ರೊಪೆಲ್ಲರಿಗೆ ಕೈಹಾಕುವ ಧೈರ್ಯವನ್ನು ಯಾರೂ ತೋರಬಾರದು.

ರಿಮೋಟ್ ಲಿವರ್ ಇರುವ ದೋಣಿಗಳಲ್ಲಿ ಕೇಬಲನ್ನು ಇಂಜಿನ್ನಿನ ತುದಿಯಲ್ಲಿ ಬಿಚ್ಚಿದರೆ ಅರ್ಧ ಉತ್ತರ ಸಿಕ್ಕಂತೆಯೇ. ಬಿಚ್ಚಿದ ಮೇಲೂ ಲಿವರ್ ಬಿಗಿಯಾಗಿದ್ದರೆ ದೋಷ ಕೇಬಲಿನಲ್ಲಿ ಅಥವಾ ಲಿವರಿನ ಪೆಟ್ಟಿಗೆಯಲ್ಲಿದೆ. ಲಿವರ್ ಹಗುರವಾಗಿ ಓಡಾಡಿದರೆ ಇಂಜಿನ್ನಿನ ಕಡೆ ನೋಡಬೇಕು. ಉಪ್ಪುನೀರಿನಿಂದ ಒಳಗಿನ ತಂತಿ ತುಕ್ಕು ಹಿಡಿದ ಕೇಬಲಿಗೆ ಎಣ್ಣೆ ಬಿಟ್ಟು ದಿನ ದೂಡುವುದು ನನಗೆ ಒಪ್ಪಿಗೆಯಿಲ್ಲ, ಅದನ್ನು ಬದಲಿಸಲೇಬೇಕು. ಹೊಸದನ್ನು ಜೋಡಿಸುವಾಗ ಲಿವರ್ ಮತ್ತು ಇಂಜಿನ್ ಎರಡೂ ನ್ಯೂಟ್ರಲಿನಲ್ಲಿದ್ದು, ಕೇಬಲಿನ ತುದಿ ಬಲವಂತವಿಲ್ಲದೆ ಪಿನ್ನಿಗೆ ಕೂರುವಂತೆ ಹೊಂದಿಸಬೇಕು.

ಗೇರು ಹಾಕುವಾಗ ಕರಕರ ಸದ್ದು ಬರುವುದಾದರೆ ಮೊದಲು ಐಡಲ್ ವೇಗವನ್ನು (ಥ್ರಾಟಲ್ ಪೂರ್ತಿ ಇಳಿಸಿದಾಗ ಇಂಜಿನ್ ಓಡುವ ವೇಗ) ಗಮನಿಸಬೇಕು. ಸೀಮೆಎಣ್ಣೆಯಲ್ಲಿ ಇಂಜಿನ್ ನಿಂತುಹೋಗದಿರಲೆಂದು ಕೆಲವರು ಐಡಲನ್ನು ಏರಿಸಿಟ್ಟುಕೊಂಡಿರುತ್ತಾರೆ. ಇನ್ನು ಕೆಲವರು ಗೇರಿಗೆ ಪೆಟ್ಟಾಗಬಾರದೆಂಬ ಕಾಳಜಿಯಿಂದ ಲಿವರನ್ನು ನಿಧಾನವಾಗಿ ತಳ್ಳುತ್ತಾರೆ, ಆದರೆ ಹಾನಿಯಾಗುವುದು ಹಾಗೆ ಮಾಡಿದಾಗಲೇ: ಹಲ್ಲುಗಳು ಪೂರ್ತಿ ಕಚ್ಚಿಕೊಳ್ಳುವ ಮುನ್ನ ಒಂದಕ್ಕೊಂದು ಉಜ್ಜಿ ಅಂಚು ಸವೆದು, ಮುಂದೆ ಭಾರ ಬಿದ್ದಾಗ ಗೇರು ತಾನಾಗಿ ಹೊರಜಿಗಿಯುತ್ತದೆ. ಥ್ರಾಟಲ್ ಪೂರ್ತಿ ಇಳಿಸಿ, ಲಿವರನ್ನು ಒಂದೇ ಬಾರಿಗೆ ದೃಢವಾಗಿ ಸರಿಸುವುದೇ ಸರಿಯಾದ ಕ್ರಮ.

ಗೇರು ಬಿದ್ದಿದ್ದರೂ ಇಂಜಿನ್ ಅಬ್ಬರಿಸುತ್ತ ದೋಣಿ ಮುಂದೆ ಹೋಗದಿದ್ದಾಗ ಅನೇಕರು ಗೇರ್‌ಬಾಕ್ಸ್ ಬಿಚ್ಚಿಸಿ ಹಣ ಕಳೆದುಕೊಳ್ಳುತ್ತಾರೆ. ಅಲ್ಲಿ ಜಾರುತ್ತಿರುವುದು ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಆಗಿರಬಹುದು, ಸಣ್ಣ ಇಂಜಿನ್ನುಗಳಲ್ಲಾದರೆ ಶಿಯರ್ ಪಿನ್ (ಪೆಟ್ಟು ಬಿದ್ದಾಗ ತಾನು ತುಂಡಾಗಿ ಗೇರನ್ನು ಉಳಿಸುವ ಪಿನ್) ತುಂಡಾಗಿರಬಹುದು. ಪ್ರೊಪೆಲ್ಲರಿನ ಒಳಗಿನ ಹಬ್ಬಿನಿಂದ (ಶಾಫ್ಟಿಗೆ ಕೂರುವ ನಡುಭಾಗ) ಹೊರಗಿನ ಲೋಹದವರೆಗೆ ಬಣ್ಣದಿಂದ ಒಂದು ನೇರ ಗೆರೆ ಎಳೆದು ದೋಣಿ ಓಡಿಸಿದ ಬಳಿಕ ಆ ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ಬುಷ್ ಹೋಗಿದೆಯೆಂದೇ ಅರ್ಥ.

ಇಂಜಿನ್ ತಂಪಾಗಿಸುವ ನೀರಿನ ಪಂಪಿನ ಇಂಪೆಲ್ಲರ್ (ರಬ್ಬರ್ ಚಕ್ರ) ಬದಲಿಸಿದ ಮರುದಿನವೇ ಗೇರಿನ ತೊಂದರೆ ಶುರುವಾಗಿದ್ದರೆ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಆ ಕೆಲಸಕ್ಕಾಗಿ ಕೆಳಭಾಗವನ್ನು ಕಳಚುವಾಗ ಶಿಫ್ಟ್ ರಾಡಿನ ಜೋಡಣೆಯನ್ನೂ ಬಿಡಿಸಲಾಗಿರುತ್ತದೆ. ಮರಳಿ ಕೂರಿಸುವಾಗ ಅದರ ಉದ್ದ ತುಸು ವ್ಯತ್ಯಾಸವಾದರೂ ಒಂದು ಗೇರು ಪೂರ್ತಿ ಕಚ್ಚುವುದಿಲ್ಲ, ಇಲ್ಲವೇ ನ್ಯೂಟ್ರಲಿನಲ್ಲಿಯೂ ದೋಣಿ ಮೆಲ್ಲಗೆ ತೆವಳುತ್ತದೆ.

ಇವೆಲ್ಲ ಸರಿಯಿದ್ದರೆ ಮಾತ್ರ ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಬಿಚ್ಚಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಲೆಯ ನೂಲು ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದು ಇದಕ್ಕೆ ನಮ್ಮಲ್ಲಿ ಸಾಮಾನ್ಯ ಕಾರಣ. ಕಾಂತವಿರುವ ಸ್ಕ್ರೂವಿಗೆ ನುಣುಪಾದ ಬೂದು ಪುಡಿ ಅಂಟಿದ್ದರೆ ಅದು ಸಹಜ ಸವೆತ, ಆದರೆ ಉಗುರಿಗೆ ಸಿಗುವಂತಹ ಚೂರುಗಳಿದ್ದರೆ ಗೇರ್‌ಬಾಕ್ಸ್ ಬಿಚ್ಚುವುದು ಅನಿವಾರ್ಯ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ತುಂಬುತ್ತ ಬಂದು, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬಂದ ಬಳಿಕ ಮೊದಲು ಮೇಲಿನ ಸ್ಕ್ರೂವನ್ನು, ನಂತರ ಕೆಳಗಿನದನ್ನು ಹೊಸ ವಾಷರಿನೊಂದಿಗೆ ಬಿಗಿಯಬೇಕು.