ಹೂಂ ಅನ್ನೋ ಅಜ್ಜಿ

10 ಸೆಪ್ಟೆಂಬರ್ 2024, ಮಂಗಳವಾರ, ಮೈಸೂರು

ಗಣೇಶನ ಹಬ್ಬಕ್ಕೆ ಊರಿಗೆ ಹೋದ ಫಾರ್ಮ್.ಡಿ (ಔಷಧಶಾಸ್ತ್ರದ ಕೋರ್ಸ್) ಮಕ್ಕಳು ಅರ್ಧಕ್ಕರ್ಧ ವಾಪಸ್ ಬಂದಿಲ್ಲ. ಬಂದವರಿಗೆಲ್ಲ ಒಂದೊಂದು ಕಂಪ್ಯೂಟರ್ ಸಿಕ್ಕಿತು. ಅಪರೂಪ!

ಮೈಡಿಸ್ಪೆನ್ಸ್ ಅನ್ನೋ ಕಂಪ್ಯೂಟರ್ ಅಭ್ಯಾಸ ಮಾಡಿಸಿದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2011ರಲ್ಲಿ ಶುರುಮಾಡಿದ್ದು. ಪರದೆ ಮೇಲೇ ಔಷಧಿ ಅಂಗಡಿ. ಪೇಷಂಟ್ ಚೀಟಿ ತರುತ್ತಾರೆ, ಪ್ರಶ್ನೆ ಕೇಳಬಹುದು, ಅನುಮಾನ ಬಂದರೆ ಡಾಕ್ಟರನ್ನೂ ವಿಚಾರಿಸಬಹುದು. ಇವತ್ತಿನ ಚೀಟಿಯಲ್ಲಿ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್, ದಿನಾ ಅಂತ ಬರೆದಿತ್ತು. ವಾರಕ್ಕೊಂದೇ ಸಲ ತಗೋಬೇಕಾದ ಔಷಧಿ ಅದು. ದಿನಾ ನುಂಗಿದರೆ ಬಾಯಿ ತುಂಬ ಹುಣ್ಣು, ರಕ್ತಕಣಗಳು ಕುಸಿದು ಜೀವಕ್ಕೇ ಸಂಚಕಾರ.

ಕೆಲವರು ಡಾಕ್ಟರನ್ನು ಕೇಳಿದರು. ಕೆಲವರು ಚಕಚಕ ಲೇಬಲ್ ಟೈಪ್ ಮಾಡಿ ಕೊಟ್ಟೇಬಿಟ್ಟರು. ಕೊನೆಗೆ ತಪ್ಪು ತೋರಿಸಿದಾಗ ಒಬ್ಬ, "ಅಯ್ಯೋ ಮೇಡಂ, ಪೇಷಂಟ್ ಕಥೆ ಮುಗೀತು" ಅಂತ ನಕ್ಕ. ನಗಲಿ ಬಿಡಿ. ಇನ್ನೆಲ್ಲೂ ಹೀಗೆ ನಗೋಕಾಗಲ್ಲ.

ಎಲ್ಲರೂ ಹೋದ ಮೇಲೂ ನಮ್ಮ ಹಾವೇರಿ ಹುಡುಗಿ ಕೂತಿದ್ದಳು.

"ಮೇಡಂ, ಈ ಪೇಷಂಟ್ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡ್ತಾರ್ರಿ. ವಾರ್ಡಿನ್ಯಾಗ ಎಲ್ಲಾದಕ್ಕೂ ಹೂಂ ಅಂತಾರ. ತಿಳೀತೋ ಇಲ್ಲೋ ಗೊತ್ತಾಗಂಗಿಲ್ರಿ."

ನಿಜ. ಅದೂ ಅಲ್ಲದೆ ವಾರ್ಡಿನಲ್ಲಿ ಒಂದು ಮಂಚದ ಸುತ್ತ ಹತ್ತು ಜನ ನಿಂತರೆ ಇವಳಂಥವರಿಗೆ ಬಾಯಿ ತೆರೆಯೋ ಸರದಿಯೇ ಬರಲ್ಲ. ಪರದೆ ಮುಂದಾದರೆ ಇವಳೇ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳೋದು.

"ಸರಿ, ನಾನೇ ನಂಜನಗೂಡಿನ ಅಜ್ಜಿ. ಹೇಳವ್ವ" ಅಂದೆ. ಸೆರಗು ಹೊದ್ದುಕೊಂಡೆ.

ಅವಳು ಹೇಳಿದ್ದಕ್ಕೆಲ್ಲ ಹೂಂ ಕಣವ್ವ, ಹೂಂ ಕಣವ್ವ. ಪಾಪ, ತಬ್ಬಿಬ್ಬಾದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಚಾಕ್‌ಪೀಸ್ ತುಂಡು ಮೇಜಿನ ಮೇಲಿಟ್ಟಳು. ಒಂದು ಮೆಥೊಟ್ರೆಕ್ಸೇಟ್, ಇನ್ನೊಂದು ಅದರ ಜೊತೆ ಕೊಡೋ ಫೋಲಿಕ್ ಆ್ಯಸಿಡ್.

"ಅಜ್ಜಿ, ನಾಳೆ ಬೆಳಿಗ್ಗೆ ಇದರಾಗ ಯಾವ ಗುಳಿಗಿ ತಗೋತೀರಿ? ತೋರಸ್ರಿ."

ನಾನು ಬೇಕೂಂತ ಎರಡನ್ನೂ ಎತ್ತಿಕೊಂಡೆ.

"ಅದು ವಾರಕ್ಕ ಒಂದ ಸಲರಿ ಅಜ್ಜಿ! ನಿಮಗ ಯಾವ ವಾರ ನೆನಪಿರ್ತದ?"

"ಶನಿವಾರ ಒಪ್ಪೊತ್ತು ಕಣವ್ವ. ಗುರುವಾರ ರಾಯರ ಮಠಕ್ಕೆ ಹೋಯ್ತೀನಿ."

"ಹಂಗಾರ ಗುರುವಾರ. ಮಠದಿಂದ ಬಂದು ಊಟ ಮಾಡಿ, ಇದು. ಚೀಟಿ ಮ್ಯಾಲೂ ಗುರುವಾರ ಅಂತ ಬರದ ಕೊಡ್ತೀನಿ."

ಇಷ್ಟು ಚೆನ್ನಾಗಿ ನಾನು ಪಾಠದಲ್ಲಿ ಹೇಳಿದ್ದೇ ಇಲ್ಲ.

ಮನೆಗೆ ಬರೋ ಹೊತ್ತಿಗೆ ತಲೆನೋವು. ಇಂಟರ್ನಲ್ಸ್ ಪೇಪರ್ ಕಟ್ಟು ಹಾಗೇ ಬಿದ್ದಿದೆ. ತಿದ್ದೋ ಮನಸ್ಸಿಲ್ಲ.

ಈಗ ಇನ್ನೊಂದು ಯೋಚನೆ. ಅಂಗಡಿಗೆ ಅಜ್ಜಿ ಬರೋದೇ ಅಪರೂಪ ಅಲ್ವಾ? ಮಗ ಬರ್ತಾನೆ. ಬೈಕ್ ಆಫ್ ಕೂಡ ಮಾಡದೆ ಖಾಲಿ ಸ್ಟ್ರಿಪ್ ತೋರಿಸಿ "ಇದೇ ಕೊಡಿ, ಎರಡು ತಿಂಗಳಿಗೆ" ಅಂತಾನೆ. ಅವನನ್ನು ನಿಲ್ಲಿಸಿ ಮಾತಾಡಿಸೋದು ಹೇಗೆ ಅಂತ ಕಲಿಸಬೇಕಾದರೆ ಮುಂದಿನ ವಾರ ಆ ನಗೋ ಹುಡುಗನನ್ನೇ ಮಗನನ್ನಾಗಿ ಮಾಡಿ, ಕೈಗೆ ಬೈಕ್ ಕೀ ಕೊಟ್ಟು ನೋಡಬೇಕು.